ಜಪಾನಿಗೆ ಎರಡು ವಾರದ ರಜೆ: ನಾವು ಸಮಯ ಹಂಚಿಕೊಂಡದ್ದು ಹೀಗೆ

ವಿದೇಶ ಪ್ರವಾಸ ಅಂದ ಕೂಡಲೇ ಎಲ್ಲರೂ ಮೊದಲು ಬರೆಯೋದು ಊರುಗಳ ಪಟ್ಟಿ. ನಮ್ಮ ಮನೆಯಲ್ಲಿ ನಾನು ಮೊದಲು ಬರೆದದ್ದು ರಾತ್ರಿಗಳ ಲೆಕ್ಕ. ಆಫೀಸಿನಲ್ಲಿ ಸಿಕ್ಕ ರಜೆ ಎರಡು ವಾರ. ಅದರಲ್ಲಿ ಹೋಗಿಬರುವ ವಿಮಾನದ ಹೊತ್ತು ಕಳೆಯಬೇಕು. ವಾಪಸ್ ಬಂದ ಮೇಲೆ ಬಟ್ಟೆ ಒಗೆದು, ಮೈ ಹಗುರ ಮಾಡಿಕೊಂಡು ಕೆಲಸಕ್ಕೆ ಹೋಗಲು ಒಂದು ದಿನ ಬೇಕು. ಎಲ್ಲಾ ಕಳೆದು ಜಪಾನಿನ ನೆಲದಲ್ಲಿ ಮಲಗಲು ಸಿಕ್ಕಿದ್ದು ಹನ್ನೊಂದು ರಾತ್ರಿ. ಈ ಸಂಖ್ಯೆ ಕೈಗೆ ಬಂದ ಮೇಲೆ ಉಳಿದ ಯೋಚನೆ ಸಲೀಸಾಯಿತು. 'ಹದಿನಾಲ್ಕು ದಿನ ಇದೆ' ಅಂದುಕೊಂಡು ಶುರುಮಾಡಿದರೆ ಇಲ್ಲದ ಮೂರು ದಿನಕ್ಕೂ ಊರು ತುಂಬಿಸಿಬಿಡುತ್ತೇವೆ.

ಹೊರಟವರು ನಾಲ್ವರು. ನಾನು, ನಮ್ಮೆಜಮಾನರು, ಡಿಗ್ರಿ ಓದುತ್ತಿರುವ ಮಗಳು, ಎಪ್ಪತ್ತು ದಾಟಿದ ನಮ್ಮತ್ತೆ. ಅತ್ತೆ ಮೊದಲೇ ಹೇಳಿದ್ದರು: "ನೋಡಮ್ಮ, ದಿನಾ ಗಂಟು ಕಟ್ಟೋದು, ದಿನಾ ಗಂಟು ಬಿಚ್ಚೋದು ನನ್ ಕೈಲಿ ಆಗಲ್ಲ. ಒಂದ್ಕಡೆ ಕೂರಿಸು, ಅಲ್ಲಿಂದ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗು." ನಿಜ ಹೇಳಬೇಕೆಂದರೆ ನಮ್ಮ ಇಡೀ ಯೋಜನೆ ನಿಂತದ್ದು ಈ ಮಾತಿನ ಮೇಲೆ. ವಯಸ್ಸಾದವರು ಜೊತೆಗಿಲ್ಲದಿದ್ದರೂ ನಾನು ಇದನ್ನೇ ಮಾಡುತ್ತೇನೆ.

ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಟೋಕಿಯೊದಿಂದ ಕ್ಯೋಟೊಗೆ ನೊಝೊಮಿ ಅನ್ನುವ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಕೇಳಿದರೆ 'ಅಷ್ಟೇನಾ' ಅನ್ನಿಸುತ್ತದೆ. ಆದರೆ ಹೋಟೆಲು ಬದಲಿಸುವ ದಿನ ಆಗೋದೇ ಬೇರೆ. ಬೆಳಿಗ್ಗೆ ಸಾಮಾನು ಕಟ್ಟಬೇಕು. ಹತ್ತು ಅಥವಾ ಹನ್ನೊಂದಕ್ಕೆ ರೂಮು ಬಿಡಬೇಕು. ಸ್ಟೇಷನ್ನಿಗೆ ಹೋಗಬೇಕು. ಟೋಕಿಯೊ ಸ್ಟೇಷನ್ ಅಂದರೆ ನೆಲದ ಮೇಲೆ, ನೆಲದ ಕೆಳಗೆ ಹರಡಿದ ಊರೇ ಸರಿ, ಪ್ಲಾಟ್‌ಫಾರಂ ಹುಡುಕಲು ಅರ್ಧ ಗಂಟೆ ಇಟ್ಟುಕೊಳ್ಳಬೇಕು. ಇಳಿದ ಮೇಲೆ ಹೋಟೆಲು ಹುಡುಕಬೇಕು. ರೂಮು ಕೊಡೋದು ಸಾಮಾನ್ಯವಾಗಿ ಮೂರು ಗಂಟೆಗೆ. ಎರಡೂಕಾಲು ಗಂಟೆಯ ಪ್ರಯಾಣ ಬೆಳಗನ್ನೂ ಮಧ್ಯಾಹ್ನವನ್ನೂ ನುಂಗುತ್ತದೆ. ಹಾಗಾಗಿ ನಾನು ಇಟ್ಟುಕೊಂಡ ನಿಯಮ ಇದು: ಒಂದು ಸಲ ಹೋಟೆಲು ಬದಲಿಸಿದರೆ ದಿನದ ಮೂರು ಹೊತ್ತಿನಲ್ಲಿ ಎರಡು ಹೊತ್ತು ಹೋಯಿತು ಅಂತ ಬರೆದುಕೊಳ್ಳಬೇಕು.

ಹೊತ್ತು ಅಂದೆನಲ್ಲ, ನಮ್ಮ ಯೋಜನೆಯ ಅಳತೆಯೇ ಅದು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಪ್ರತಿ ದಿನಕ್ಕೂ ಮೂರು ಮನೆ ಹಾಕಿದೆ. ಬೆಳಗಿನ ಹೊತ್ತು, ಮಧ್ಯಾಹ್ನದ ಹೊತ್ತು, ಸಂಜೆಯ ಹೊತ್ತು. ಒಂದು ಮನೆಗೆ ಒಂದೇ ಕೆಲಸ. ಗಂಟೆ ಗಂಟೆಗೆ ಬರೆಯಲಿಲ್ಲ. ಹಾಗೆ ಬರೆದರೆ ಒಂದು ಬಸ್ಸು ತಪ್ಪಿದರೂ ಇಡೀ ದಿನದ ಪಟ್ಟಿ ಕೆಡುತ್ತದೆ, ಮನೆಯವರ ಮುಖವೂ ಕೆಡುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಗಮನಿಸೋದೇ ಕಡಿಮೆ. ಬೆಂಗಳೂರಿನಲ್ಲಿ ವರ್ಷವಿಡೀ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಜಪಾನಿನಲ್ಲಿ ಹಾಗಲ್ಲ. ನಾವು ಹೋದದ್ದು ನವೆಂಬರಿನಲ್ಲಿ, ಮೇಪಲ್ ಎಲೆ ಕೆಂಪಾಗುವ ಕಾಲ. ಆಗ ಟೋಕಿಯೊದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕ್ಯೋಟೊದಲ್ಲಿ ಐದಕ್ಕೆ ಸ್ವಲ್ಪ ಮುಂಚೆ. ಅದರ ಮೇಲೆ ಬಹಳಷ್ಟು ದೇವಾಲಯಗಳ ಬಾಗಿಲು ಐದಕ್ಕೆ ಮುಚ್ಚುತ್ತದೆ. ಅಂದರೆ ಹಗಲಿನ ಜಾಗಗಳಿಗೆ ಸಿಗೋದು ಎರಡೇ ಹೊತ್ತು. ಸಂಜೆಯ ಮನೆಗೆ ದೀಪದ ಬೆಳಕಿನ ಜಾಗಗಳನ್ನೇ ಹಾಕಬೇಕು. ಪೇಟೆ ಬೀದಿ, ಹೊಳೆ ದಂಡೆ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಗುಡಿ, ಹೀಗೆ.

ಆಮೇಲೆ ಆಸೆಗಳ ಸರದಿ. ಪ್ರತಿಯೊಬ್ಬರೂ 'ಇದು ನೋಡದಿದ್ದರೆ ಹೋಗಿದ್ದೇ ವ್ಯರ್ಥ' ಅನ್ನುವಂಥದ್ದು ಒಂದೇ ಒಂದು ಹೇಳಬೇಕು ಅಂದೆ. ಮಗಳು ಟೋಕಿಯೊದ ಅಕಿಹಬಾರಾ ಅಂದಳು, ಅನಿಮೆ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಪೇಟೆ ಅದು. ಅತ್ತೆ ಕ್ಯೋಟೊ ಹತ್ತಿರದ ನಾರಾದ ದೊಡ್ಡ ಬುದ್ಧ ಅಂದರು. ಇವರು ಹಿರೊಶಿಮಾ ಅಂದರು. ನನಗೆ ಹಿರೊಶಿಮಾ ಪಕ್ಕದ ಮಿಯಾಜಿಮಾ ದ್ವೀಪದಲ್ಲಿ ನೀರಿನ ನಡುವೆ ನಿಂತ ಕೆಂಪು ತೋರಿ, ಅಂದರೆ ಗುಡಿಯ ಹೆಬ್ಬಾಗಿಲು, ನೋಡಬೇಕಿತ್ತು. ಈ ನಾಲ್ಕಕ್ಕೆ ಒಳ್ಳೆಯ ಹೊತ್ತು ಮೀಸಲಿಟ್ಟ ಮೇಲೆ ಉಳಿದದ್ದೆಲ್ಲ ಸಿಕ್ಕರೆ ಸಿಗಲಿ ಅನ್ನುವ ಪಟ್ಟಿಗೆ ಹೋಯಿತು.

ಬಿಟ್ಟದ್ದನ್ನೂ ಹೇಳಬೇಕು. ಯಾವುದನ್ನು ಬಿಟ್ಟೆವು ಅನ್ನೋದರಲ್ಲೇ ಅರ್ಧ ಯೋಜನೆ ಇರುತ್ತದೆ. ಕಾನಾಝಾವಾ ಬಿಟ್ಟೆವು. ಅಲ್ಲಿನ ಕೆನ್ರೊಕುಎನ್ ತೋಟ ನೋಡುವ ಆಸೆ ಬಹಳ ಇತ್ತು. ಟೋಕಿಯೊದಿಂದ ಅಲ್ಲಿಗೆ ಎರಡೂವರೆ ಗಂಟೆಯಲ್ಲಿ ಹೋಗಬಹುದು. ಆದರೆ ಅಲ್ಲಿಂದ ಕ್ಯೋಟೊಗೆ ಹೋಗಲು ಈಗ ತ್ಸುರುಗಾದಲ್ಲಿ ರೈಲು ಬದಲಿಸಬೇಕು. ಶಿಂಕಾನ್ಸೆನ್ 2024ರ ಮಾರ್ಚಿನಿಂದ ಅಲ್ಲಿಯವರೆಗೆ ಓಡುತ್ತಿದೆ, ಮುಂದಕ್ಕೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೊಂದು ಹೋಟೆಲು, ಇನ್ನೆರಡು ಹೊತ್ತು. ಟೋಕಿಯೊ ಹತ್ತಿರದ ಬೆಟ್ಟದೂರು ಹಕೋನೆ ಬಿಟ್ಟೆವು. ಅಲ್ಲಿಗೆ ಹೋಗುವವರೆಲ್ಲ ಫ್ಯೂಜಿ ಪರ್ವತ ಕಾಣುತ್ತದೆ ಅಂತ ಹೋಗುತ್ತಾರೆ. ಮೋಡ ಮುಚ್ಚಿದರೆ ಒಂದು ರಾತ್ರಿ, ಒಂದೂವರೆ ದಿನ ಹೋಯಿತು. ಫ್ಯೂಜಿಯನ್ನು ನಾವು ರೈಲಿನ ಕಿಟಕಿಗೆ ಬಿಟ್ಟೆವು. ಟೋಕಿಯೊದಿಂದ ಪಶ್ಚಿಮಕ್ಕೆ ಹೋಗುವಾಗ ಬಲಗಡೆ, ಸಾಮಾನ್ಯ ಬೋಗಿಯಲ್ಲಿ 'ಇ' ಸೀಟು, ಹೊರಟ ಮುಕ್ಕಾಲು ಗಂಟೆಯ ಹೊತ್ತಿಗೆ ಕಾಣಬೇಕು. ನಮಗೆ ಕಂಡಿತು, ಬುಡದಿಂದ ತುದಿಯವರೆಗೆ. ಕಾಣದಿದ್ದರೂ ಒಂದು ಹೊತ್ತೂ ನಷ್ಟವಾಗುತ್ತಿರಲಿಲ್ಲ. ಒಸಾಕಾದಲ್ಲಿ ಉಳಿಯುವುದನ್ನೂ ಬಿಟ್ಟೆವು. ಕ್ಯೋಟೊದಿಂದ ಸಾಮಾನ್ಯ ಜೆಆರ್ (ಜಪಾನ್ ರೈಲ್ವೆ) ರೈಲಿನಲ್ಲೇ ಅರ್ಧ ಗಂಟೆ. ಸಂಜೆ ಹೋಗಿ ಡೋಟೊನ್‌ಬೊರಿ ಪೇಟೆಯ ದೀಪ ನೋಡಿ ರಾತ್ರಿ ವಾಪಸ್ ಬಂದರಾಯಿತು, ಅದಕ್ಕೆ ಹೋಟೆಲು ಯಾಕೆ ಬೇಕು ಅಲ್ವಾ?

ಕೊನೆಗೆ ಉಳಿದದ್ದು ಮೂರು ಬಿಡಾರ. ಟೋಕಿಯೊ ನಾಲ್ಕು ರಾತ್ರಿ, ಮಿಯಾಜಿಮಾ ಒಂದು, ಕ್ಯೋಟೊ ಆರು.

ಕ್ಯೋಟೊಗೆ ಆರು ಯಾಕೆ ಅಂತ ಸ್ನೇಹಿತರು ಕೇಳಿದರು. ಆರೂ ಕ್ಯೋಟೊಗಲ್ಲ. ನಾರಾ ಅದರೊಳಗೆ, ಒಸಾಕಾ ಅದರೊಳಗೆ, ಸುಮ್ನೆ ಕೂರುವ ಒಂದು ದಿನವೂ ಅದರೊಳಗೆ. ಒಂದೇ ಹಾಸಿಗೆಗೆ ಆರು ರಾತ್ರಿ ವಾಪಸ್ ಬರುವ ನೆಮ್ಮದಿ ಬೇರೆ.

ಊರುಗಳ ಕ್ರಮದ ವಿಷಯ ಇದಕ್ಕಿಂತ ಕುತೂಹಲದ್ದು. ನಕ್ಷೆ ನೋಡಿದರೆ ಟೋಕಿಯೊ, ಕ್ಯೋಟೊ, ಹಿರೊಶಿಮಾ ಒಂದೇ ಗೆರೆಯ ಮೇಲಿವೆ. ಎಲ್ಲರೂ ಆ ಕ್ರಮದಲ್ಲೇ ಹೋಗುತ್ತಾರೆ. ಹಾಗೆ ಹೋದರೆ ಹಿರೊಶಿಮಾದಿಂದ ವಿಮಾನಕ್ಕೆ ಮತ್ತೆ ಹಿಂದಕ್ಕೆ ಬರಬೇಕು, ಕೊನೆಯ ದಿನಗಳಲ್ಲೇ ಓಡಾಟ ಜಾಸ್ತಿ. ನಾವು ಟೋಕಿಯೊದಿಂದ ನೇರ ದೂರದ ತುದಿಗೆ ಹೋಗಿ, ಅಲ್ಲಿಂದ ಕ್ಯೋಟೊಗೆ ಹಿಂತಿರುಗಿದೆವು. ಟೋಕಿಯೊದಿಂದ ಹಿರೊಶಿಮಾಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಪ್ರವಾಸದ ಅತ್ಯಂತ ಉದ್ದದ ರೈಲು ಪ್ರಯಾಣ ಮೈಯಲ್ಲಿ ಇನ್ನೂ ಕಸುವಿರುವಾಗಲೇ ಮುಗಿಯಿತು. ಕೊನೆಯ ಆರು ರಾತ್ರಿ ನಿಧಾನಕ್ಕೆ ಸಿಕ್ಕಿತು.

ವಿಮಾನವನ್ನೂ ಹೀಗೇ ನೋಡಿದೆವು. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇದೆ. ಹೋಗುವಾಗ ಅದನ್ನೇ ಹಿಡಿದೆವು. ವಾಪಸ್ ಬರಲು ಮತ್ತೆ ಟೋಕಿಯೊಗೆ ಬರೋದಾದರೆ ಎರಡೂಕಾಲು ಗಂಟೆ ರೈಲು, ನರಿತಾಕ್ಕೆ ಇನ್ನೊಂದು ಗಂಟೆ, ನಡುವೆ ಒಂದು ರಾತ್ರಿಯ ಹೋಟೆಲು. ಅದರ ಬದಲು ಒಸಾಕಾದ ಕಾನ್ಸಾಯ್ ವಿಮಾನ ನಿಲ್ದಾಣದಿಂದ ಬ್ಯಾಂಕಾಕ್ ಮೂಲಕ ಟಿಕೆಟ್ ಮಾಡಿದೆವು. ಕ್ಯೋಟೊ ಸ್ಟೇಷನ್ನಿನಿಂದ ಹರುಕಾ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ವಿಮಾನದ ಬಾಗಿಲಿಗೇ ಬಿಡುತ್ತದೆ. ಬ್ಯಾಂಕಾಕಿನಲ್ಲಿ ಕಾದದ್ದು ರಾತ್ರಿಯ ಹೊತ್ತು. ಹಗಲು ಕಳೆದುಕೊಳ್ಳಲಿಲ್ಲ.

ಈ ಯೋಜನೆ ನಡೆಯಲು ಮುಖ್ಯ ಕಾರಣ ಸಾಮಾನು ಸಾಗಿಸುವ ವ್ಯವಸ್ಥೆ. ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಜಪಾನಿನಲ್ಲಿ ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಸೂಟ್‌ಕೇಸು ಕಳಿಸಬಹುದು. ತಕ್ಯುಬಿನ್ ಅನ್ನುತ್ತಾರೆ. ಟೋಕಿಯೊ ಬಿಡುವ ಹಿಂದಿನ ಸಂಜೆ ಎರಡು ದೊಡ್ಡ ಸೂಟ್‌ಕೇಸುಗಳನ್ನು ಹೋಟೆಲಿನ ಕೌಂಟರಿಗೆ ಒಯ್ದೆವು. ಅಲ್ಲಿದ್ದ ಹುಡುಗಿ ಟೇಪು ತಂದು ಉದ್ದ, ಅಗಲ, ಎತ್ತರ ಅಳೆದಳು. ಮೂರನ್ನೂ ಕೂಡಿದ ಮೇಲೆ ದರ ಹೇಳಿದಳು. ಕ್ಯೋಟೊ ಹೋಟೆಲಿನ ವಿಳಾಸ, ಬುಕಿಂಗ್ ಯಾರ ಹೆಸರಲ್ಲಿದೆ, ನಾವು ಎಂದು ತಲುಪುತ್ತೇವೆ ಅಂತ ಕೇಳಿ ಚೀಟಿಯಲ್ಲಿ ಬರೆದಳು. ಚೀಟಿಯ ಮೇಲೆ ಹಳದಿ ಹಿನ್ನೆಲೆಯಲ್ಲಿ ಒಂದು ಕರಿ ಬೆಕ್ಕು, ಬಾಯಲ್ಲಿ ಮರಿಯನ್ನು ಕಚ್ಚಿಕೊಂಡು ಹೋಗುತ್ತಿರುವ ಚಿತ್ರ. ಯಮಾಟೊ ಕಂಪನಿಯ ಗುರುತು ಅದು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಮರೀನ ಬೀಳಿಸಲ್ಲ ಅಂದ್ಮೇಲೆ ನಮ್ ಪೆಟ್ಟಿಗೇನೂ ಬೀಳಿಸಲ್ಲ ಬಿಡು" ಅಂದರು. ಒಂದು ಪೆಟ್ಟಿಗೆಗೆ ಎರಡರಿಂದ ಮೂರು ಸಾವಿರ ಯೆನ್ ಆಸುಪಾಸು. ನಾವು ಆಳಿಗೊಂದು ಸಣ್ಣ ಬ್ಯಾಗು ಹಿಡಿದು ಮಿಯಾಜಿಮಾಕ್ಕೆ ಹೋದೆವು. ಪೆಟ್ಟಿಗೆಗಳು ನಮಗಿಂತ ಮೊದಲೇ ಕ್ಯೋಟೊ ತಲುಪಿ ಕಾಯುತ್ತಿದ್ದವು. ಇನ್ನೂ ಒಂದು ಅನುಕೂಲ. ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ದಾಟಿದ ಪೆಟ್ಟಿಗೆ ಇದ್ದರೆ ಈ ದಾರಿಯ ಶಿಂಕಾನ್ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟನ್ನು ಮುಂಚೆಯೇ ಕಾದಿರಿಸಬೇಕು. ಆ ತಲೆನೋವೂ ತಪ್ಪಿತು.

ಜೆಆರ್ ಪಾಸ್, ಅಂದರೆ ಗೊತ್ತುಮಾಡಿದಷ್ಟು ದಿನ ಜೆಆರ್ ರೈಲುಗಳಲ್ಲಿ ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಪ್ರವಾಸಿಗರ ಪಾಸು, ಕೊಳ್ಳಲಿಲ್ಲ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ದರ 29,650 ಯೆನ್‌ನಿಂದ 50,000ಕ್ಕೆ ಏರಿತು. ನಮ್ಮ ದಾರಿಗೆ ಬಿಡಿ ಟಿಕೆಟ್ಟೇ ಸಾಕಷ್ಟು ಅಗ್ಗ. ಪಾಸು ಕೊಂಡವರಿಗೆ ಇನ್ನೊಂದು ಕಾಟ ಇದೆ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಪಟ್ಟಿಯಲ್ಲಿ ಇಲ್ಲದ ಊರಿಗೆಲ್ಲ ಹೋಗಬೇಕು ಅನ್ನಿಸುತ್ತದೆ. ಪಾಸು ನಮ್ಮ ಸಮಯ ಹಂಚಬಾರದು.

ಟೋಕಿಯೊದ ಬಗ್ಗೆ ಹೆಚ್ಚು ಹೇಳೋದಿಲ್ಲ. ಉಎನೊದಲ್ಲಿ ಉಳಿದೆವು. ನರಿತಾದಿಂದ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯೊಳಗೆ ಅಲ್ಲಿಗೆ ಬರುತ್ತದೆ, ಅಸಕುಸಾ ಹತ್ತಿರ, ಅಕಿಹಬಾರಾ ಇನ್ನೂ ಹತ್ತಿರ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಆರು ಅಂದರೆ ನಮ್ಮ ಮೈಗೆ ರಾತ್ರಿ ಎರಡೂವರೆ. ಹಾಗಾಗಿ ಮೊದಲ ಎರಡು ಬೆಳಗಿನ ಮನೆಗಳನ್ನು ಖಾಲಿ ಬಿಟ್ಟಿದ್ದೆ. ಬೇಗ ಏಳಬೇಕಾದ ಜಾಗಗಳೆಲ್ಲ ಎರಡನೇ ವಾರಕ್ಕೆ ಹೋದವು. ನಾಲ್ಕು ರಾತ್ರಿಯಲ್ಲಿ ಸೋಮವಾರವೂ ಸೇರಿತ್ತು. ಬಹಳ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಆ ದಿನವನ್ನು ಮಗಳ ಅಕಿಹಬಾರಾಕ್ಕೆ ಕೊಟ್ಟೆವು. ಅಂಗಡಿಗೆ ಯಾವ ವಾರವಾದರೇನು?

ಮಿಯಾಜಿಮಾದ ಒಂದು ರಾತ್ರಿಗಾಗಿ ಮನೆಯಲ್ಲಿ ಸಾಕಷ್ಟು ಚರ್ಚೆ ಆಯಿತು. ಹಿರೊಶಿಮಾದಲ್ಲೇ ಉಳಿದು ಹಗಲಲ್ಲಿ ಹೋಗಿಬರಬಹುದಲ್ಲ ಅಂದರು ಇವರು. ಹೋಗಬಹುದು. ರೈಲು ಅರ್ಧ ಗಂಟೆ, ದೋಣಿ ಹತ್ತು ನಿಮಿಷ. ಆದರೆ ಅಲ್ಲಿ ಗಡಿಯಾರಕ್ಕಿಂತ ಕಡಲಿನ ಉಬ್ಬರ ಇಳಿತ ನೋಡಬೇಕು. ಉಬ್ಬರದಲ್ಲಿ ತೋರಿ ಬಾಗಿಲು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಇಳಿತದಲ್ಲಿ ಮರಳಿನ ಮೇಲೆ ನಡೆದು ಅದರ ಬುಡಕ್ಕೇ ಹೋಗಬಹುದು. ಎರಡರ ನಡುವೆ ಸುಮಾರು ಆರು ಗಂಟೆ. ಹಗಲಲ್ಲಿ ಬಂದು ಹೋಗುವವರಿಗೆ ಸಾಮಾನ್ಯವಾಗಿ ಒಂದೇ ಸಿಗುತ್ತದೆ, ಕೆಲವೊಮ್ಮೆ ಎರಡೂ ಅಲ್ಲದ ನಡುಹೊತ್ತು. ರಾತ್ರಿ ಉಳಿದರೆ ಎರಡೂ ಸಿಗುತ್ತವೆ. ಉಬ್ಬರದ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಸಿಗುತ್ತದೆ, ನಾವು ಅದನ್ನು ನೋಡಿಯೇ ಆ ರಾತ್ರಿಯನ್ನು ಆರಿಸಿದ್ದು. ಮಧ್ಯಾಹ್ನ ಇಳಿದಾಗ ಮರಳು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಕಂಬದವರೆಗೆ ನಡೆದರು. ಈಗಿರುವ ಬಾಗಿಲು 1875ರದು, ಕರ್ಪೂರದ ಮರದ ಕಂಬಗಳು, ಇಬ್ಬರು ಕೈ ಚಾಚಿದರೂ ತಬ್ಬಿಗೆ ಸಿಗಲ್ಲ. ಕಂಬದ ಕೆಳಗಿನ ಭಾಗಕ್ಕೆ ಸಣ್ಣ ಸಣ್ಣ ಚಿಪ್ಪು ಅಂಟಿಕೊಂಡಿದ್ದವು. ಊಟ ಮುಗಿಸಿ ಹೊರಗೆ ಬಂದರೆ ನಾವು ನಡೆದ ಜಾಗದಲ್ಲೆಲ್ಲ ನೀರು. ಹಗಲಿನ ಜನರೆಲ್ಲ ಕೊನೆಯ ದೋಣಿಗಳಲ್ಲಿ ಹೋಗಿದ್ದರು. ದಂಡೆಯಲ್ಲಿ ನಾವೂ ಕೆಲವು ಜಿಂಕೆಗಳೂ. ಇಡೀ ಪ್ರವಾಸದಲ್ಲಿ ಅತಿ ದುಬಾರಿ ರಾತ್ರಿ ಅದು. ಮತ್ತೆ ಹೋದರೂ ಅದನ್ನು ಬಿಡೋದಿಲ್ಲ.

ಮಾರನೇ ದಿನ ದ್ವೀಪದಿಂದ ನೇರ ಹಿರೊಶಿಮಾದ ಶಾಂತಿ ಉದ್ಯಾನದ ಪಕ್ಕಕ್ಕೇ ಬಿಡುವ ದೋಣಿ ಹಿಡಿದೆವು. ಮುಕ್ಕಾಲು ಗಂಟೆ, ರೈಲು ಹತ್ತಿ ಇಳಿಯುವ ಗೋಜಿಲ್ಲ. ಮ್ಯೂಸಿಯಮ್ಮಿಗೆ ಮಧ್ಯಾಹ್ನದ ಇಡೀ ಹೊತ್ತು ಕೊಟ್ಟಿದ್ದೆ. ಸಂಜೆಯ ಮನೆಯಲ್ಲಿ 'ರೈಲು' ಅಂತ ಮಾತ್ರ ಬರೆದಿದ್ದೆ. ಇದನ್ನು ಬೇಕೆಂದೇ ಮಾಡಿದ್ದು. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಮೂರು ವರ್ಷದ ಮಗುವೊಂದು ಆಡುತ್ತಿದ್ದ ಮೂರು ಗಾಲಿಯ ಸೈಕಲ್ಲು ಅಲ್ಲಿದೆ. ಸುಟ್ಟು, ತುಕ್ಕು ಹಿಡಿದ ಕಬ್ಬಿಣ. ಅಪ್ಪ ಮಗುವಿನ ಜೊತೆ ಅದನ್ನೂ ಹೂತಿದ್ದರು, ವರ್ಷಗಳ ಮೇಲೆ ಹೊರತೆಗೆದು ಮ್ಯೂಸಿಯಮ್ಮಿಗೆ ಕೊಟ್ಟರು. ಅದನ್ನು ನೋಡಿದ ಮೇಲೆ ಇನ್ನೊಂದು ಜಾಗ ನೋಡುವ ಮನಸ್ಸು ಯಾರಿಗೂ ಇರಲ್ಲ, ಇರಲೂಬಾರದು. ಹಿರೊಶಿಮಾವನ್ನು ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ಶಾಪಿಂಗ್ ಅಂತ ಬರೆದ ಟೂರ್ ಪಟ್ಟಿಗಳನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಕ್ಯೋಟೊಗೆ ಒಂದೂಮುಕ್ಕಾಲು ಗಂಟೆಯ ರೈಲಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ.

ಕ್ಯೋಟೊವನ್ನು ದಿಕ್ಕಿನ ಮೇಲೆ ಹಂಚಿದೆ. ಹೆಸರುವಾಸಿ ಜಾಗಗಳ ಪಟ್ಟಿ ಹಿಡಿದು ಹೊರಟರೆ ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತುಂಬಿದ ಬಸ್ಸಿನಲ್ಲಿ ನಿಂತೇ ಹೋಗಬೇಕು. ಒಂದು ದಿನ ಪೂರ್ವ, ಒಂದು ದಿನ ದಕ್ಷಿಣ, ಒಂದು ದಿನ ಪಶ್ಚಿಮದ ಅರಶಿಯಾಮಾ. ದಕ್ಷಿಣದ ದಿನ ಜೆಆರ್ ನಾರಾ ಲೈನಿನಲ್ಲಿ ಕ್ಯೋಟೊದ ಮುಂದಿನ ಸ್ಟೇಷನ್ ತೋಫುಕುಜಿ, ಅದರ ಮುಂದಿನದು ಇನಾರಿ. ಬಸ್ಸೇ ಬೇಡ. ಫುಶಿಮಿ ಇನಾರಿ ಗುಡಿ ರಾತ್ರಿ ಹಗಲೂ ತೆರೆದಿರುತ್ತದೆ, ಟಿಕೆಟ್ಟೂ ಇಲ್ಲ. ಅದನ್ನು ಬೆಳ್ಳಂಬೆಳಿಗ್ಗೆ ಮುಗಿಸಿ, ಆಮೇಲೆ ಬಾಗಿಲು ತೆರೆಯುವ ತೋಫುಕುಜಿ ದೇವಾಲಯದ ಮೇಪಲ್ ಮರಗಳಿಗೆ ಬಂದೆವು. ಕಿಯೊಮಿಝು ದೇವಾಲಯ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಆರೂವರೆಗೆ ಅಲ್ಲಿದ್ದೆವು. ಒಂಬತ್ತರ ಹೊತ್ತಿಗೆ ಬೆಟ್ಟದ ಬೀದಿ ಜಾತ್ರೆಯಂತೆ ತುಂಬುವಾಗ ನಾವು ಇಳಿದು ಬರುತ್ತಿದ್ದೆವು. ಬೆಳಿಗ್ಗೆ ಬೇಗ ಹೊರಟ ದಿನಗಳಲ್ಲಿ ಮಧ್ಯಾಹ್ನದ ಮನೆಯಲ್ಲಿ 'ರೂಮು' ಅಂತ ಬರೆದಿದ್ದೆ. ಸ್ಟೇಷನ್ ಪಕ್ಕ ಹೋಟೆಲು ಹಿಡಿದದ್ದೇ ಅದಕ್ಕೆ. ಅತ್ತೆ ಮಲಗುತ್ತಿದ್ದರು, ಸಂಜೆ ಮತ್ತೆ ಲವಲವಿಕೆಯಿಂದ ಹೊರಡುತ್ತಿದ್ದರು.

ಊಟಕ್ಕೂ ಹೊತ್ತು ಬೇಕು. ನಾವು ಸಸ್ಯಾಹಾರಿಗಳು. ಅಲ್ಲಿ ತರಕಾರಿ ಸಾರು ಅಂದರೂ ಬುಡದಲ್ಲಿ ದಾಶಿ ಅನ್ನುವ ಮೀನಿನ ರಸ ಇರಬಹುದು. ಪ್ರತಿ ಸಂಜೆ ಊಟದ ಹೋಟೆಲು ಹುಡುಕುತ್ತಾ ಒಂದು ಗಂಟೆ ಕಳೆಯೋದು ಬೇಡ ಅಂತ ಮೊದಲೇ ಒಂದೊಂದು ಬಡಾವಣೆಗೆ ಒಂದು ಜಾಗ ಗುರುತು ಮಾಡಿಟ್ಟಿದ್ದೆವು. ಉಳಿದ ಹೊತ್ತಿಗೆ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಮತ್ತು ಚಟ್ನಿಪುಡಿ. ಎಲ್ಲ ರೂಮಿನಲ್ಲೂ ಕೆಟಲ್ ಇತ್ತು.

ನಾರಾಕ್ಕೆ ವಾರದ ದಿನವನ್ನೇ ಇಟ್ಟುಕೊಂಡೆವು. ಕ್ಯೋಟೊದಿಂದ ಮುಕ್ಕಾಲು ಗಂಟೆ. ತೋದಾಯ್‌ಜಿ ದೇವಾಲಯದ ಬುದ್ಧ ಸುಮಾರು ಹದಿನೈದು ಮೀಟರ್ ಎತ್ತರದ ಕಂಚಿನ ಮೂರ್ತಿ. 752ರಲ್ಲಿ ಅದಕ್ಕೆ ಕಣ್ಣು ಬರೆದು ಪ್ರಾಣ ತುಂಬಿದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನುವ ಭಿಕ್ಷು. ಇದನ್ನು ಹೇಳಿದಾಗ ಅತ್ತೆ, "ಆಗ ವಿಮಾನ ಇರ್ಲಿಲ್ಲ, ಎಷ್ಟ್ ದಿನ ಹಿಡೀತೋ ಪಾಪ" ಅಂದು ಬಹಳ ಹೊತ್ತು ಅಲ್ಲೇ ಕೂತರು. ಆ ದಿನಕ್ಕೆ ಬೇರೇನೂ ಬರೆದಿರಲಿಲ್ಲ, ಹಾಗಾಗಿ ಏಳಿ ಅಂತ ಯಾರೂ ಹೇಳಬೇಕಾಗಲಿಲ್ಲ.

ಖಾಲಿ ಬಿಟ್ಟ ದಿನ ಭಾನುವಾರ. ನವೆಂಬರಿನ ಶನಿವಾರ, ಭಾನುವಾರ ಕ್ಯೋಟೊದಲ್ಲಿ ಕಾಲಿಡಲು ಜಾಗ ಇರಲ್ಲ. ಶನಿವಾರ ಒಸಾಕಾಕ್ಕೆ ಹೋಗಿಬಂದೆವು. ಭಾನುವಾರ ಜೋರು ಮಳೆ, ಅತ್ತೆಯ ಮಂಡಿ ಸ್ವಲ್ಪ ಊದಿತ್ತು. ಯಾವ ಟಿಕೆಟ್ಟೂ ಕ್ಯಾನ್ಸಲ್ ಮಾಡಬೇಕಾಗಲಿಲ್ಲ. ಇವರೂ ಮಗಳೂ ಸ್ಟೇಷನ್ನಿನ ಹತ್ತಿರದ ರೈಲ್ವೆ ಮ್ಯೂಸಿಯಂ ನೋಡಿಬಂದರು.

ಹೋಗುವವರಿಗೆ ಬುಕಿಂಗ್ ಕ್ರಮ ಹೇಳಿಬಿಡುತ್ತೇನೆ. ಮೊದಲು ತಾರೀಖು ನೋಡಿ: ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ ಮತ್ತು ಆಗಸ್ಟ್ ಮಧ್ಯದ ಓಬೊನ್ ಬೇಡ, ಇಡೀ ಜಪಾನೇ ಆಗ ಪ್ರಯಾಣದಲ್ಲಿರುತ್ತದೆ. ಆಮೇಲೆ ಯಾವುದು ಬೇಗ ತುಂಬುತ್ತದೋ ಅದು. ನಮಗೆ ಅದು ಮಿಯಾಜಿಮಾದ ತಂಗುಮನೆ. ಅದು ಸಿಕ್ಕಿದ ಮೇಲೆ ವಿಮಾನ. ಆಮೇಲೆ ರದ್ದು ಮಾಡಲು ಬರುವಂಥ ಹೋಟೆಲು. ವೀಸಾ ಅರ್ಜಿಗೆ ದಿನವಾರು ಕಾರ್ಯಕ್ರಮದ ಪಟ್ಟಿ ಕೊಡಬೇಕು, ನೋಟ್‌ಬುಕ್ಕಿನ ಆ ಮೂರು ಮನೆಗಳನ್ನೇ ಟೈಪ್ ಮಾಡಿ ಕೊಟ್ಟೆ. ಶಿಂಕಾನ್ಸೆನ್ ಸೀಟು ಕೊನೆಗೆ. ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ ಅಲ್ಲಿನ ಹತ್ತು ಗಂಟೆಗೆ ಮಾರಾಟ ತೆರೆಯುತ್ತದೆ. ನಮಗೆ ಅದು ಬೆಳಿಗ್ಗೆ ಆರೂವರೆ. ಫ್ಯೂಜಿ ಕಡೆಯ ಕಿಟಕಿ ಬೇಕಿದ್ದರೆ ಆ ಹೊತ್ತಿಗೆ ಸರಿಯಾಗಿ ಕೂತು 'ಡಿ', 'ಇ' ಜೋಡಿ ಸೀಟು ಹಿಡಿಯಿರಿ.